ಗಂಗಾಳ ಹಬೆಗೆ ಎರಡು ಊರಿನ ಸೊಪ್ಪು

ಸಿದ್ದಾಪುರ
12-9-1996

ದುರ್ಗಮ್ಮನವರಿಗೆ ಪರಿಮಳಾ ಮಾಡುವ ನಮಸ್ಕಾರ.

ನಾನು ಗಂಗಾಳ ತಾಯಿ. ನಾವಿಬ್ಬರೂ ಇದುವರೆಗೆ ಮುಖ ನೋಡಿಕೊಂಡವರಲ್ಲ. ಮೊನ್ನೆ ಬನವಾಸಿಯಲ್ಲಿ ನನ್ನ ಅಣ್ಣನಿಗೆ ನಿಮ್ಮ ಮಗ ಸಂಜಯ ಸಿಕ್ಕಿ, ಒಂದನೇ ತಾರೀಖಿಗೆ ಗಂಗಾ ಹೆಣ್ಣುಮಗು ಹೆತ್ತಳೆಂದು ತಿಳಿಸಿದರಂತೆ. ಕೇಳಿ ಸಂತೋಷವಾಯಿತು. ಆಮೇಲೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯಲಿಲ್ಲ.

ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕಾದದ್ದು. ಕಳೆದ ವರ್ಷ ಅವರಿಬ್ಬರೂ ರಿಜಿಸ್ಟರ್ ಮದುವೆಯಾದಾಗ ನಮ್ಮ ಕಡೆಯಿಂದ ಯಾರೂ ಬರಲಿಲ್ಲ. ಬೇರೆ ಜಾತಿ ಎಂದು ನಮ್ಮನೆಯವರಿಗೆ ಸಿಟ್ಟಿತ್ತು. ಈಗ ಅದೆಲ್ಲ ಇಳಿದಿದೆ. ಮಗುವನ್ನು ನೋಡಲು ಇಬ್ಬರೂ ಹೊರಟಿದ್ದೆವು, ಅಷ್ಟರಲ್ಲಿ ಅವರು ಸೊಂಟ ಹಿಡಿದು ಮಲಗಿದರು. ಗಂಗಾ ನನಗೆ ಬರೆಯುವುದಿಲ್ಲ. ಅಪ್ಪನ ಮೇಲಿನ ಮುನಿಸು ನನ್ನ ಮೇಲೂ ಇದೆ. ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಾಣಂತಿಗೆ ಕೆಳಮೈಗೆ ಹಬೆ ಕೊಡುವ ಪದ್ಧತಿಯಿದೆ. ನನ್ನ ತವರು ವಾನಳ್ಳಿಯಲ್ಲಿ ನನ್ನ ಆಯಿ (ನಮ್ಮಲ್ಲಿ ಅಮ್ಮನಿಗೆ ಆಯಿ ಎನ್ನುತ್ತೇವೆ) ನನಗೆ ಕೊಟ್ಟಂತೆಯೇ ಗಂಗಾಳಿಗೂ ಆಗಬೇಕೆಂದು ಆಸೆ. ಲಕ್ಕಿ ಸೊಪ್ಪು, ಅರಿಶಿನದ ಎಲೆ, ಬೇವು ಎಲ್ಲ ನೆರಳಲ್ಲಿ ಒಣಗಿಸಿ ಗಂಟು ಕಟ್ಟಿ ಅಣ್ಣನ ಕೈಯಲ್ಲಿ ಕೊಟ್ಟಿದ್ದೇನೆ, ಬನವಾಸಿಯಲ್ಲಿ ಸಂಜಯನಿಗೆ ಮುಟ್ಟಿಸುತ್ತಾನೆ. ಎರಡು ಮುಷ್ಟಿ ಸೊಪ್ಪಿಗೆ ಒಂದು ಚಮಚ ಓಮ ಹಾಕಿ, ತಾಮ್ರದ ಪಾತ್ರೆಯಲ್ಲಿ ನೀರಿನ ಬಣ್ಣ ತಿರುಗುವವರೆಗೆ ಕುದಿಸಿ. ಆಮೇಲೆ ಅಗಲ ಬಾಯಿಯ ಮಡಕೆಗೆ ಬಗ್ಗಿಸಿ ತಟ್ಟೆ ಮುಚ್ಚಿಡಿ. ಅವಸರ ಮಾಡಬೇಡಿ. ಹಬೆಯ ಮೇಲೆ ನಿಮ್ಮ ಮಣಿಕಟ್ಟನ್ನು ಹಿಡಿದು ಇಪ್ಪತ್ತು ಎಣಿಸುವವರೆಗೆ ಸುಡಬಾರದು, ಅದೇ ಹದ. ನಡುವೆ ತೂತಿರುವ ಎತ್ತರದ ಮಣೆಯ ಮೇಲೆ ಕೂರಿಸಿ, ಸೊಂಟದಿಂದ ನೆಲದವರೆಗೆ ಹಳೆಯ ನೂಲಿನ ಸೀರೆ ಸುತ್ತಿ. ಐದು ನಿಮಿಷ ಸಾಕು. ಅವಳಿಗೆ ನಾಚಿಕೆ ಹೆಚ್ಚು, ಬಚ್ಚಲಿನ ಬಾಗಿಲು ಮುಂದೆ ಮಾಡಿಕೊಂಡು ಹೊರಗೇ ನಿಂತಿರಿ. ತಲೆ ಸುತ್ತಿದರೆ ಹಿಡಿಯಲು ಒಬ್ಬರು ಬೇಕು.

ಉತ್ತರ ಬರೆಯಿರಿ. ದಸರಾ ರಜೆಯಲ್ಲಿ ಮಾತ್ರ ಬೇಡ, ಆಗ ಇಲ್ಲಿ ಟಪಾಲು ಸರಿಯಾಗಿ ಸಿಗುವುದಿಲ್ಲ.

ಪರಿಮಳಾ


ಗುಡ್ನಾಪುರ
25-9-1996

ಅಮ್ಮನವರಿಗೆ ದುರ್ಗಮ್ಮನ ಶರಣು.

ನಾನು ನಾಲ್ಕನೇ ಇಯತ್ತೆ ಕಲಿತವಳು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಸೊಪ್ಪಿನ ಗಂಟು ಮುಟ್ಟಿತು. ಗಂಗಾ ಉಣ್ಣುತ್ತಾಳೆ, ಮಲಗುತ್ತಾಳೆ. ಕೂಸು ಹಾಲು ಕುಡಿಯುತ್ತದೆ. ನೀವು ಚಿಂತೆ ಮಾಡುವಂಥದ್ದು ಏನೂ ಇಲ್ಲ. ನಮ್ಮ ಹಿತ್ತಲಲ್ಲೂ ಲಕ್ಕಿ, ಬೇವು ಬೆಳೆಯುತ್ತವೆ. ಈ ಊರಿನ ಬಾಣಂತಿಯರಿಗೆ ಮೂವತ್ತು ವರ್ಷದಿಂದ ನೀರು ಹಾಕುತ್ತಿರುವವಳು ನಾನೇ. ಮಣೆಯೂ ಇದೆ, ಮಡಕೆಯೂ ಇದೆ.

ಬೀಗರ ಸೊಂಟಕ್ಕೆ ಕಲ್ಲುಪ್ಪು ಹುರಿದು ಬಟ್ಟೆಯಲ್ಲಿ ಕಟ್ಟಿ ಕಾವು ಕೊಡಿ. ನಮ್ಮ ಯಜಮಾನರಿಗೆ ಅದರಲ್ಲೇ ಇಳಿಯಿತು.

ದುರ್ಗಮ್ಮ ಕೆರಿಯಪ್ಪ


ಸಿದ್ದಾಪುರ
1-10-1996

ದುರ್ಗಮ್ಮನವರಿಗೆ,

ನಿನ್ನೆ ನನ್ನ ಅಣ್ಣ ಗುಡ್ನಾಪುರಕ್ಕೆ ಬಂದು ಗಂಗಾಳನ್ನು ನೋಡಿ ಹೋದ. ಕೆರೆಯ ಏರಿಯ ಮೇಲೆ ನಿಮ್ಮ ಯಜಮಾನರೇ ಎದುರಾಗಿ ಕರೆದುಕೊಂಡು ಹೋದರಂತೆ, ಊಟಕ್ಕೂ ಕೂರಿಸಿದರಂತೆ. ಉಪಕಾರವಾಯಿತು. ಆದರೆ ಗಂಗಾ ಸುಣ್ಣದ ಹಾಗೆ ಬಿಳಚಿಕೊಂಡಿದ್ದಾಳೆ, ಗೋಡೆ ಹಿಡಿದು ಏಳುತ್ತಾಳೆ ಎಂದ. ಹಬೆ ಕೊಡುತ್ತಿದ್ದಾರಾ ಎಂದು ಕೇಳಿದರೆ, ಇಲ್ಲವೆಂದು ತಲೆ ಆಡಿಸಿದಳಂತೆ. ನಾನು ಕಳಿಸಿದ ಗಂಟು ಬಿಚ್ಚದೇ ಗೂಟಕ್ಕೆ ತೂಗುತ್ತಿತ್ತಂತೆ.

ಮೂವತ್ತು ವರ್ಷ ಊರಿನ ಬಾಣಂತಿಯರನ್ನು ನೋಡಿಕೊಂಡವರು ನೀವು. ನನ್ನ ಮಗಳಿಗೆ ಐದು ನಿಮಿಷದ ಹಬೆ ದೊಡ್ಡದಾಯಿತೇ? ನಿಮ್ಮ ಹೊಟ್ಟೆಯಲ್ಲಿ ಹುಟ್ಟಿದವಳಾಗಿದ್ದರೆ ಗಂಟು ಗೂಟದಲ್ಲಿ ಇರುತ್ತಿತ್ತೇ? ನಮ್ಮ ಕಡೆಯ ಸೊಪ್ಪು ನಿಮಗೆ ಬೇಡವಾದರೆ ನಿಮ್ಮ ಸೊಪ್ಪನ್ನೇ ಹಾಕಿ. ಯಾವುದಾದರೂ ಸರಿ, ಒಂದು ಕೊಡಿ.

ಹೆಚ್ಚು ಬರೆಯಲಾರೆ.

ಪರಿಮಳಾ


ಗುಡ್ನಾಪುರ
5-11-1996

ಅಮ್ಮನವರಿಗೆ,

ರಜೆಯಲ್ಲಿ ಬರೆಯಬೇಡಿ ಎಂದಿದ್ದಿರಿ. ಅದು ಮುಗಿಯಲೆಂದು ಕಾದೆ. ನಿಮ್ಮ ಪತ್ರ ಓದಿ ಎರಡು ದಿನ ನನಗೆ ಅನ್ನ ಸೇರಲಿಲ್ಲ. ನೀವು ಬರೆದದ್ದು ತಪ್ಪಲ್ಲ. ನಾನು ಮುಚ್ಚಿಟ್ಟದ್ದು ತಪ್ಪು.

ಹೆರಿಗೆಯಲ್ಲಿ ಗಂಗಾಳಿಗೆ ಹರಿದು ಹೊಲಿಗೆ ಬಿದ್ದಿತ್ತು. ಹದಿಮೂರನೇ ದಿನ ಹೊಲಿಗೆ ಕೀವಾಗಿ ಮೈ ಕೆಂಡವಾಯಿತು. ಶಿರಸಿ ಆಸ್ಪತ್ರೆಯಲ್ಲಿ ಒಂಬತ್ತು ದಿನ ಇದ್ದೆವು. ನಿಮ್ಮ ಗಂಟು ಬಂದದ್ದು ಆ ದಿನಗಳಲ್ಲೇ. ಡಾಕ್ಟರಮ್ಮನಿಗೆ ಅದನ್ನು ತೋರಿಸಿ ಕೇಳಿದೆ. ಹಸಿ ಗಾಯಕ್ಕೆ ಹಬೆ ಹಿಡಿದರೆ ಹೊಲಿಗೆ ಬಿಡುತ್ತದೆ, ಸುಟ್ಟರೆ ಗೊತ್ತಾಗುವುದೂ ಇಲ್ಲ, ಹತ್ತಿರ ತರಬೇಡಿ ಎಂದರು. ಗಾಯ ಪೂರಾ ಮಾಯ್ದ ಮೇಲೆ? ಎಂದೆ. ಅದರಿಂದ ಔಷಧದ ಗುಣ ಏನೂ ಆಗುವುದಿಲ್ಲ, ಅವಳ ಸಮಾಧಾನಕ್ಕೆ ಬೇಕೆಂದರೆ ಬರೀ ಬೆಚ್ಚಗೆ, ದೂರದಿಂದ ಎಂದರು. ಇಷ್ಟು ವರ್ಷ ನಾನು ಯಾರಿಗೂ ಗಾಯ ನೋಡಿ ಕೊಟ್ಟವಳಲ್ಲ. ಆವತ್ತು ಆಸ್ಪತ್ರೆಯ ಬಾಗಿಲಲ್ಲಿ ಕೂತು, ಯಾರ್‍ಯಾರಿಗೆ ಏನು ಮಾಡಿಬಿಟ್ಟೆನೋ ಎಂದು ಒಬ್ಬೊಬ್ಬರನ್ನೇ ನೆನೆಸಿಕೊಂಡೆ.

ಗಂಗಾಳೇ ನನ್ನ ಕೈ ಹಿಡಿದು, “ಅತ್ತೆ, ಆಯಿಗೆ ಜ್ವರದ ಸುದ್ದಿ ಬರೀಬೇಡಿ. ಅಲ್ಲಿ ಕೂತು ಅಳ್ತಾಳೆ” ಎಂದಳು. ಅದಕ್ಕೆ ಬರೆಯಲಿಲ್ಲ. ಎಚ್ಚರ ತಪ್ಪಿದ ಹೊತ್ತಲ್ಲಿ ಅವಳು ಕೂಗಿದ್ದು ಗಂಡನನ್ನಲ್ಲ, ನನ್ನನ್ನೂ ಅಲ್ಲ. ಆಯಿ ಎಂದೇ ಕೂಗಿದಳು.

ಈಗ ಗಾಯ ಮಾಯ್ದಿದೆ, ಡಾಕ್ಟರಮ್ಮ ನೋಡಿ ಹೇಳಿದ್ದಾರೆ. ನಲವತ್ತೆಂಟನೇ ದಿನ ನಿಮ್ಮ ಗಂಟು ಬಿಚ್ಚಿದೆ. ನಿಮ್ಮದು ಒಂದು ಮುಷ್ಟಿ, ನಮ್ಮ ಹಿತ್ತಲಿನದು ಒಂದು ಮುಷ್ಟಿ. ಇಪ್ಪತ್ತಲ್ಲ, ನಲವತ್ತು ಎಣಿಸಿದೆ. ಮಣೆಯ ಮೇಲೆ ಕೂತ ಗಳಿಗೆ ಅವಳು ಮೂಗು ಅರಳಿಸಿ, “ಇದು ನಮ್ಮನೆ ವಾಸನೆ” ಎಂದಳು. ನಾನು ಬಾಗಿಲ ಹೊರಗೇ ನಿಂತಿದ್ದೆ. ಒಳಗೆ ಅತ್ತದ್ದು ಕೇಳಿಸಿತು. ಮುಗಿಯುವವರೆಗೆ ಒಳಗೆ ಹೋಗಲಿಲ್ಲ.

ಕೂಸಿಗೆ ಅಭಿಜ್ಞಾ ಎಂದು ಹೆಸರಿಟ್ಟಿದ್ದಾರೆ. ನನ್ನ ನಾಲಿಗೆಗೆ ಇನ್ನೂ ಹೊರಳುವುದಿಲ್ಲ.

ಬೀಗರು ಎದ್ದು ಓಡಾಡುತ್ತಾರೆಯೇ?

ದುರ್ಗಮ್ಮ


ಸಿದ್ದಾಪುರ
14-11-1996

ದುರ್ಗಮ್ಮನವರೇ,

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನ್ನ ಹಿಂದಿನ ಪತ್ರ ನಿಮ್ಮಲ್ಲಿದ್ದರೆ ಒಲೆಗೆ ಹಾಕಿ. ನೀವು ಅದನ್ನು ಗಂಗಾಳಿಗೆ ತೋರಿಸಲಿಲ್ಲವೆಂದು ಅಣ್ಣ ಹೇಳಿದ. ನಾನು ಕಳಿಸಿದ ಸೊಪ್ಪು ನಾನು ಹೇಳಿದ ದಿನವೇ ಬೆಂದಿದ್ದರೆ ಏನಾಗುತ್ತಿತ್ತು ಎಂದೇ ಯೋಚಿಸುತ್ತಿದ್ದೇನೆ.

ನನಗೆ ಗೊತ್ತಿದ್ದದ್ದು ನನ್ನ ಆಯಿ ಕೊಟ್ಟ ಹಬೆ ಒಂದೇ. ನನಗಾಗ ಹತ್ತೊಂಬತ್ತು. ವಾನಳ್ಳಿಯ ಬಚ್ಚಲಿನಲ್ಲಿ ಕಿಟಕಿಯಿರಲಿಲ್ಲ, ಹಂಡೆಯ ಒಲೆಯ ಬೆಳಕಷ್ಟೇ. ಆಯಿ ಮಾತು ಕಡಿಮೆಯ ಹೆಂಗಸು. ಹಗಲೆಲ್ಲ ಒಂದು ಮಾತಿಗೆ ಒಂದು ಗದರು. ಆದರೆ ಆ ಮಣೆಯ ಮೇಲೆ ಕೂರಿಸಿ ಸೀರೆ ಸುತ್ತಿದ ಮೇಲೆ ಬೇರೆಯೇ ಆಗುತ್ತಿದ್ದಳು. ಹೊರಗೆ ನಿಲ್ಲುತ್ತೇನೆಂದವಳು ನಿಲ್ಲುತ್ತಿರಲಿಲ್ಲ, ಒಳಗೆ ಬಂದು ನನ್ನ ಜಡೆ ಬಿಚ್ಚಿ ಕೂದಲ ಸಿಕ್ಕು ಬಿಡಿಸುತ್ತಿದ್ದಳು. ತನ್ನ ಅತ್ತೆಯ ಮನೆಯ ಕಥೆ, ಹುಟ್ಟಿ ಸತ್ತ ನನ್ನ ಅಕ್ಕನ ಕಥೆ, ನಾನು ಎಂದೂ ಕೇಳಿರದದ್ದನ್ನೆಲ್ಲ ಹೇಳಿದ್ದು ಆಗಲೇ. ನೀರು ಆರಿದ ಕೂಡಲೇ ಮಾತು ನಿಲ್ಲುತ್ತಿತ್ತು. ಇನ್ನೊಂದು ಪಾತ್ರೆ ಕಾಯಿಸು ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ. ಗಂಗಾಳಿಗೆ ನಾನು ಕೊಡಬೇಕೆಂದಿದ್ದದ್ದು ಬಹುಶಃ ಅದನ್ನೇ. ಸೊಪ್ಪನ್ನು ಗಂಟು ಕಟ್ಟಿ ಕಳಿಸಬಹುದು, ಅದನ್ನು ಕಳಿಸಲು ಬರುವುದಿಲ್ಲ.

ನಮ್ಮನೆಯವರು ಇನ್ನೂ ಓಡಾಡುವಂತಾಗಿಲ್ಲ.

ನಿಮ್ಮ ಪರಿಮಳಾ


ಸಿದ್ದಾಪುರ
20-1-1997

ದುರ್ಗಮ್ಮನವರೇ,

ನಿನ್ನೆಯಿಂದ ಈ ಕಾಗದವನ್ನು ಮೂರು ಸಲ ಹರಿದಿದ್ದೇನೆ.

ನಮ್ಮನೆಯವರಿಗೆ ಸೊಂಟ ಹಿಡಿದಿರಲಿಲ್ಲ. ಎಂದೂ ಹಿಡಿದಿಲ್ಲ. ಸಿಟ್ಟೂ ಇಳಿದಿಲ್ಲ. ನಾನು ನಿಮಗೆ ಬರೆಯುವುದು ಅವರಿಗೆ ಗೊತ್ತಿಲ್ಲ. ಅವರು ಹೈಸ್ಕೂಲಿನಲ್ಲಿ ಸಂಸ್ಕೃತದ ಮಾಸ್ತರು, ಹನ್ನೊಂದು ಗಂಟೆಗೆ ಟಪಾಲು ಬರುವಾಗ ಮನೆಯಲ್ಲಿರುವುದಿಲ್ಲ. ರಜೆಯಲ್ಲಿ ಬರೆಯಬೇಡಿ ಎಂದದ್ದಕ್ಕೆ ಕಾರಣ ಅದು. ನೀವು ನನ್ನ ಮಾತನ್ನು ಪೂರಾ ನಂಬಿ, ಹಾಸಿಗೆ ಹಿಡಿದ ಬೀಗರನ್ನು ಮಾತಾಡಿಸಿಕೊಂಡು ಹೋಗಲು ನಿನ್ನೆ ಯಜಮಾನರೊಡನೆ ಇಷ್ಟು ದೂರ ಬಂದಿರಿ. ಬಂದಾಗ ಬೀಗರು ಏಣಿ ಹತ್ತಿ ಹಂಚು ಸರಿಮಾಡುತ್ತಿದ್ದರು.

ನಾನು ಒಳಬಾಗಿಲಲ್ಲಿದ್ದೆ. ನಿಮ್ಮನ್ನು ಕಂಡಿರದಿದ್ದರೂ ಕೂಡಲೇ ಗೊತ್ತಾಯಿತು. ನೀವು ಉಟ್ಟಿದ್ದ ಹಸಿರು ಸೀರೆ ಗಂಗಾ ಕಾಲೇಜಿಗೆ ಉಡುತ್ತಿದ್ದದ್ದು. ನೀವು ಏಣಿಯನ್ನು ನೋಡಿದಿರಿ, ಅವರನ್ನು ನೋಡಿದಿರಿ, ಆಮೇಲೆ ನನ್ನನ್ನು. ನಿಮ್ಮ ಮುಖದಲ್ಲಿ ಎಲ್ಲ ಅರ್ಥವಾದದ್ದು ನನಗೆ ಕಾಣಿಸಿತು. ಅವರು ಮೇಲಿನಿಂದಲೇ, “ಎಲ್ಲಿಯವು? ಎಂತ ಬೇಕಾಗಿತ್ತು?” ಎಂದರು. ನೀವು ಹೆಸರು ಹೇಳಿದ್ದರೆ ನನ್ನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. “ಜೋಗ ನೋಡಾಕ ಹೊಂಟವ್ರು ರೀ. ಬಸ್ಸು ತಪ್ಪಿತು. ಕುಡಿಯಾಕ ನೀರು ಸಿಕ್ಕೀತೇನು?” ಎಂದಿರಿ. ಕೆರಿಯಪ್ಪನವರು ಬಾಳೆಹಣ್ಣಿನ ಚೀಲವನ್ನು ಬೆನ್ನ ಹಿಂದೆ ಹಿಡಿದಿದ್ದರು.

ನೀರು ತಂದುಕೊಟ್ಟವಳು ನಾನೇ. ಕೆಲಸದವರಿಗೆಂದು ಜಗಲಿಯ ಮೂಲೆಯಲ್ಲಿ ಬೇರೆ ಇಟ್ಟ ಲೋಟದಲ್ಲಿ ಕೊಟ್ಟೆ. ಅವರು ನೋಡುತ್ತಿದ್ದರು, ಅದಕ್ಕೇ ಎಂದು ಬರೆಯಬಹುದು. ಆದರೆ ಅವರು ನೋಡದಿದ್ದರೂ ನನ್ನ ಕೈ ಆ ಮೂಲೆಗೇ ಹೋಗುತ್ತಿತ್ತೋ ಏನೋ, ನನಗೆ ನಿಜವಾಗಿ ಗೊತ್ತಿಲ್ಲ. ಆ ಲೋಟ ಹಿಡಿದ ನಿಮ್ಮ ಕೈ ನನ್ನ ಮಗಳ ಕೀವು ತೊಳೆದದ್ದು. ನೀವು ಕುಡಿದು, ಲೋಟವನ್ನು ನೀವೇ ತೊಳೆದು, ಕಟ್ಟೆಯ ಮೇಲೆ ಬೋರಲು ಹಾಕಿ ಹೋದಿರಿ. ನಾನು ಅದನ್ನು ಇನ್ನೂ ಎತ್ತಿಲ್ಲ.

ಕ್ಷಮಿಸಿ ಎಂದು ಕೇಳುವ ಮುಖ ನನಗಿಲ್ಲ. ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ.

ಪರಿಮಳಾ


ಸಿದ್ದಾಪುರ
3-9-1998

ದುರ್ಗಮ್ಮನವರಿಗೆ,

ಅಭಿಜ್ಞಾಗೆ ಎರಡು ತುಂಬಿತು. ಹೋದ ವರ್ಷದ ಜನವರಿಯಿಂದ ಇದು ನನ್ನ ಐದನೇ ಪತ್ರ. ಗಂಗಾ ಮತ್ತು ಸಂಜಯರಿಗೆ ಯಲ್ಲಾಪುರದ ಶಾಲೆಗಳಿಗೆ ವರ್ಗವಾಯಿತೆಂದು ಅಣ್ಣ ಹೇಳಿದ. ನಿಮ್ಮ ಸಿಟ್ಟು ನ್ಯಾಯವಾದದ್ದು. ಇನ್ನು ಬರೆದು ನಿಮಗೆ ತೊಂದರೆ ಕೊಡುವುದಿಲ್ಲ.

ಪರಿಮಳಾ


ಗುಡ್ನಾಪುರ
10-11-2001

ಪರಿಮಳಕ್ಕನವರಿಗೆ ದುರ್ಗಮ್ಮನ ಶರಣು.

ಐದು ವರ್ಷ ಹತ್ತಿರ ಬಂತು. ನಿಮ್ಮ ಐದೂ ಪತ್ರ ನನ್ನ ಟ್ರಂಕಿನಲ್ಲಿವೆ. ನನಗೆ ಸಿಟ್ಟು ಎಂದು ತಿಳಿದಿರಿ. ಮೊದಲ ಒಂದು ತಿಂಗಳು ಇತ್ತು, ಸುಳ್ಳು ಹೇಳುವುದಿಲ್ಲ. ಲೋಟಕ್ಕಲ್ಲ, ಅಂಥ ಲೋಟ ನಾನು ಎಷ್ಟೋ ಮನೆಯಲ್ಲಿ ಕಂಡವಳು. ಯಜಮಾನರು ಬಸ್ಸಿನಲ್ಲಿ ಬಾಳೆಹಣ್ಣಿನ ಚೀಲ ತೊಡೆಯ ಮೇಲಿಟ್ಟುಕೊಂಡು ಗುಡ್ನಾಪುರದವರೆಗೆ ಒಂದೂ ಮಾತಾಡಲಿಲ್ಲ. ಅದಕ್ಕೆ ಸಿಟ್ಟಿತ್ತು.

ಆಮೇಲೆ ಬರೆಯದೇ ಇದ್ದದ್ದು ಹೆದರಿಕೆಗೆ. ಆವತ್ತು ಒಳಬಾಗಿಲಲ್ಲಿ ನಿಂತ ನಿಮ್ಮ ಮುಖ ನೋಡಿದ್ದೆನಲ್ಲ. ನನ್ನ ಒಂದು ಕಾಗದ ಅವರ ಕೈಗೆ ಸಿಕ್ಕರೆ ನಿಮಗೆ ಏನಾಗುತ್ತದೋ ಎಂದು ಪೆನ್ನು ಹಿಡಿದು ಹಿಡಿದು ಇಟ್ಟೆ. ಬರೆಯದಿದ್ದರೆ ನಿಮಗೆ ಒಳ್ಳೆಯದು ಎಂದುಕೊಂಡೆ. ಅದು ಸರಿಯೋ ತಪ್ಪೋ ಗೊತ್ತಿಲ್ಲ.

ಗಂಗಾಳಿಗೆ ಈಗ ಎಂಟು ತಿಂಗಳು. ಯಲ್ಲಾಪುರದಲ್ಲೇ ಹೆರಿಗೆ. ನಾನು ಮುಂದಿನ ವಾರ ಅಲ್ಲಿಗೆ ಹೋಗುತ್ತೇನೆ. ಮೊನ್ನೆ ಫೋನಿನಲ್ಲಿ ಅವಳೇ ಕೇಳಿದಳು: “ಅತ್ತೆ, ಆಯಿ ಬರ್ತ್ಳನ?” ಐದು ವರ್ಷದಲ್ಲಿ ಮೊದಲ ಸಲ ಕೇಳಿದಳು. ನಾನು ಏನು ಹೇಳಲಿ?

ದುರ್ಗಮ್ಮ


ಸಿದ್ದಾಪುರ
19-11-2001

ದುರ್ಗಕ್ಕ,

ಬರುತ್ತಾಳೆ ಎಂದು ಹೇಳಿ.

ನಿಮ್ಮ ಪತ್ರ ಬಂದಾಗ ಅವರು ಮನೆಯಲ್ಲೇ ಇದ್ದರು. ನಿವೃತ್ತರಾಗಿ ವರ್ಷವಾಯಿತು. ಟಪಾಲಿನವನ ಕೈಯಿಂದ ಅವರೇ ತೆಗೆದುಕೊಂಡು, ಹಿಂದೆ ಮುಂದೆ ತಿರುಗಿಸಿ ನೋಡಿ ನನಗೆ ಕೊಟ್ಟರು. ನಾನು ಅವರೆದುರೇ ಒಡೆದು ಓದಿದೆ. ಮಧ್ಯಾಹ್ನ ಊಟಕ್ಕೆ ಬಡಿಸುತ್ತ, “ಆನು ಗಂಗನ ಬಾಣಂತನಕ್ಕೆ ಹೋಗ್ತೆ. ಇದು ಕೇಳದಲ್ಲ, ಹೇಳದು” ಎಂದೆ. ಮೂವತ್ತು ವರ್ಷದ ಸಂಸಾರದಲ್ಲಿ ಅಂಥ ಮಾತು ನನ್ನ ಬಾಯಿಂದ ಬಂದದ್ದು ಮೊದಲು. ಅವರು ಮಜ್ಜಿಗೆ ಬೇಡವೆಂದು ಎದ್ದರು. ಮೂರು ದಿನ ತಾವೇ ಬಡಿಸಿಕೊಂಡು ಉಂಡರು. ಹೋಗಬೇಡ ಎಂದು ಮಾತ್ರ ಹೇಳಲಿಲ್ಲ.

ಡಿಸೆಂಬರ್ ಮೊದಲ ವಾರಕ್ಕೆ ಶಿರಸಿಗೆ ಬಂದು ಯಲ್ಲಾಪುರದ ಬಸ್ಸು ಹತ್ತುತ್ತೇನೆ. ಸೊಪ್ಪು ತರುವುದಿಲ್ಲ. ಡಾಕ್ಟರು ಏನು ಹೇಳುತ್ತಾರೋ ಮೊದಲು ಕೇಳೋಣ.

ಪರಿಮಳಾ


ಸಿದ್ದಾಪುರ
25-2-2002

ದುರ್ಗಕ್ಕ,

ಊರು ಮುಟ್ಟಿದೆ. ಎರಡು ತಿಂಗಳ ಮೇಲೆ ನನ್ನ ಮನೆಯೇ ನನಗೆ ಬೇರೆಯವರ ಮನೆಯಂತೆ ಕಾಣುತ್ತಿದೆ. ಬೆಳಿಗ್ಗೆ ಎದ್ದ ಕೂಡಲೇ ಕಿವಿ ಕೂಸು ಚಿರಂತನನ ಅಳುವಿಗೆ ಕಾಯುತ್ತದೆ.

ಗಂಗಾ ಮೊದಲ ಎಂಟು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದ್ದನ್ನು ನೀವು ನೋಡಿದ್ದೀರಿ. ಈ ಸಲ ಹೊಲಿಗೆಯಿಲ್ಲದೇ ಸುಸೂತ್ರ ಹೆರಿಗೆಯಾಯಿತು. ಆದರೂ ಡಾಕ್ಟರು ಆರು ವಾರ ಕಾಯಲು ಹೇಳಿದರು, ಕಾದೆವು. ಹಬೆಯ ದಿನ ನೀವು ಸಂತೆಗೆ ಹೋಗಬೇಕೆಂದು ಚೀಲ ಹಿಡಿದು ಹೊರಟಿರಿ. ಅದು ಸಂತೆಯ ದಿನ ಅಲ್ಲವೆಂದು ನನಗೆ ಆಮೇಲೆ ಗೊತ್ತಾಯಿತು. ನಾನು ಒಬ್ಬಳೇ ನೀರು ಕಾಯಿಸಿದೆ, ನಲವತ್ತು ಎಣಿಸಿದೆ. ಅವಳನ್ನು ಕೂರಿಸಿ ಸೀರೆ ಸುತ್ತಿ ಹೊರಗೆ ನಿಂತೆ. ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಅವಳ ಜಡೆ ಬಿಚ್ಚಿದೆ. ಅವಳು, “ಆಯಿ, ಆವತ್ತು ಎಂತಕ್ಕೆ ಬಂಜಿಲ್ಲೆ?” ಎಂದಳು. ಬರದೇ ಉಳಿದದ್ದಕ್ಕೆ ಕಾರಣವೆಲ್ಲ ಹೇಳಿದೆ. ಸೊಂಟದ ಸುಳ್ಳು, ಏಣಿ, ಲೋಟ, ಒಂದನ್ನೂ ಬಿಡಲಿಲ್ಲ. ಲೋಟದ ಸಂಗತಿ ನೀವು ಅವಳಿಗೆ ಇಷ್ಟು ವರ್ಷವಾದರೂ ಹೇಳಿರಲಿಲ್ಲ. ನೀರು ಆರಿತು. ಅವಳು ಏಳಲಿಲ್ಲ. “ಇನ್ನೊಂದು ಪಾತ್ರೆ ಕಾಸು” ಎಂದಳು. ಡಾಕ್ಟರು ಐದೇ ನಿಮಿಷ ಎಂದಿದ್ದಾರೆ ಎಂದೆ. “ಹಬೆ ಬ್ಯಾಡ, ಬಿಸಿನೀರಲ್ಲಿ ಕಾಲಿಟ್ಕಂಡು ಕೂತ್ಕಳ್ಳನ” ಎಂದಳು. ಇಬ್ಬರೂ ಒಂದೇ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ನೀವು ಬರುವವರೆಗೆ ಕೂತಿದ್ದೆವು.

ಇಲ್ಲಿ ಅವರು ಒಂದು ಮಾತನ್ನೂ ಕೇಳಿಲ್ಲ. ಮಗು ಯಾರ ಹಾಗಿದೆ ಎಂದೂ ಇಲ್ಲ. ನಾನಾಗಿ ಹೇಳಹೋದರೆ ಪಂಚಾಂಗ ತೆಗೆದುಕೊಂಡು ಕೂರುತ್ತಾರೆ. ಅವರು ಬದಲಾಗುತ್ತಾರೆಂಬ ಆಸೆ ಬಿಟ್ಟಿದ್ದೇನೆ. ನನ್ನ ದಾರಿ ನನಗೆ ಸಿಕ್ಕಿತು, ಅಷ್ಟು ಸಾಕು.

ಪರಿಮಳಾ


ಯಲ್ಲಾಪುರ
8-3-2002

ತಂಗಿ ಪರಿಮಳಾಗೆ,

ಕೂಸುಮರಿ ಎಲ್ಲ ಆರಾಮ. ಯುಗಾದಿಯವರೆಗೆ ನಾನು ಇಲ್ಲೇ.

ನಿನ್ನೆ ಗಂಗಾ ಮಲಗಿದ್ದಳು, ಸಂಜಯ ಶಾಲೆಗೆ ಹೋಗಿದ್ದ. ಹನ್ನೆರಡರ ಹೊತ್ತಿಗೆ ಗೇಟಿನ ಹತ್ತಿರ ಒಬ್ಬರು ನಿಂತಿದ್ದರು. ಛತ್ರಿ ಹಿಡಿದು, ಮನೆಯ ನಂಬರು ಓದುವ ಹಾಗೆ ಬಗ್ಗಿ ನೋಡುತ್ತಿದ್ದರು. ನನಗೆ ಗುರುತು ಸಿಕ್ಕಿತು. ಅವರಿಗೂ ಸಿಕ್ಕಿತು. “ನೀವು ಜೋಗಕ್ಕೆ ಹೋಗ್ತಿದ್ದವು ಅಲ್ದ?” ಎಂದರು. ಹೌದು ರೀ, ಒಳಗ ಬರ್ರಿ ಎಂದೆ. ಅವರು ಚಪ್ಪಲಿ ಬಿಡಲು ಬಹಳ ಹೊತ್ತು ತೆಗೆದುಕೊಂಡರು.

ಒಳಗೆ ಬಂದು ತೊಟ್ಟಿಲ ಹತ್ತಿರ ಕೂತರು. ಮುಟ್ಟಲಿಲ್ಲ. ಚಿರಂತನ ಎದ್ದು ಅತ್ತಾಗ ನಾನು ಬೇಕೆಂದೇ ಒಲೆಯ ಹತ್ತಿರ ಹೋದೆ. ತಿರುಗಿ ಬರುವಷ್ಟರಲ್ಲಿ ಮಗು ಅವರ ಎದೆಯ ಮೇಲಿತ್ತು, ಏನೋ ಸಂಸ್ಕೃತದ್ದು ಹೇಳಿ ಸಮಾಧಾನ ಮಾಡುತ್ತಿದ್ದರು. ಗಂಗಾ ಎದ್ದು ಬಾಗಿಲಿಗೆ ಬಂದವಳು ಅಲ್ಲೇ ನಿಂತಳು. ಅಪ್ಪ ಮಗಳು ಏನು ಮಾತಾಡಿದರೋ ನನಗೆ ತಿಳಿಯದು, ನಾನು ಅಭಿಜ್ಞಾಳನ್ನು ಕರೆದುಕೊಂಡು ಹಿತ್ತಲಿಗೆ ಹೋದೆ. ಊಟ ಮಾಡಿಯೇ ಹೋದರು. ಎರಡು ಸಲ ಸಾರು ಹಾಕಿಸಿಕೊಂಡರು.

ಹೊರಡುವಾಗ ಗೇಟಿನಲ್ಲಿ ನಿಂತು ಹೇಳಿದರು: “ಶಿರಸಿಗೆ ಕನ್ನಡಕ ಮಾಡಿಸಲೆ ಹೋಗ್ತೆ ಹೇಳಿ ಮನೇಲಿ ಹೇಳಿದ್ದೆ. ನೀವು ಅವಳಿಗೆ ತಿಳಿಸೂದು ಬ್ಯಾಡ. ಆನೇ ಹೇಳ್ತೆ, ಸ್ವಲ್ಪ ದಿನ ಹೋಗ್ಲಿ.” ಆಯಿತು ಎಂದೆ. ಆದರೆ ನಿನ್ನಿಂದ ಮುಚ್ಚಿಡುವುದು ನನಗೆ ಇನ್ನು ಆಗುವುದಿಲ್ಲ, ಅದಕ್ಕೇ ಬರೆದೆ. ಓದಿ ನಿನ್ನಲ್ಲೇ ಇಟ್ಟುಕೋ. ಅವರು ತಾವಾಗಿ ಹೇಳುವವರೆಗೆ ಕನ್ನಡಕ ಎಲ್ಲಿ ಎಂದು ಕೇಳಬೇಡ.

ನಿನ್ನ ದುರ್ಗಕ್ಕ